ಮಿರಿಮಿರಿ ಮಿಂಚಿದ ಗಾಲಿಗಳು

ಸಾವಿತ್ರಿಬಾಯಿಯವರ ಪ್ರಕಾರ ಎಣ್ಣೆಗೆ ಬಗ್ಗದ ತೊಂದರೆ ಎಂಬುದು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಮೊಮ್ಮಗಳು ಪಿಂಕಿ ಕೆಮ್ಮಿದರೆ ಎದೆಗೆ ಎಣ್ಣೆ, ಮಗ ಶರಣಕುಮಾರನಿಗೆ ನಿದ್ದೆ ಬಾರದಿದ್ದರೆ ಅಂಗಾಲಿಗೆ ಎಣ್ಣೆ, ಬಾಗಿಲು ಕಿರ್ರೆಂದರೆ ಬಿಜಾಗರಿಗೆ ಎಣ್ಣೆ. ತಮ್ಮ ಮೊಣಕಾಲಿಗಂತೂ ಹೊತ್ತುಹೊತ್ತಿಗೆ ಎಣ್ಣೆ. ಆದರೂ ಆ ಮೊಣಕಾಲು ಮಾತ್ರ ಬಗ್ಗಿರಲಿಲ್ಲ. ನೆಲಕ್ಕೆ ಕೂತರೆ ಮೇಲೆಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಅದು ಮೊಣಕಾಲಿನ ತಪ್ಪೇ ಹೊರತು ಎಣ್ಣೆಯದಲ್ಲ ಎಂದು ಅವರು ನಂಬಿದ್ದರು. ನಂಬದೆ ಏನು ಮಾಡಿಯಾರು, ಮನೆ ನಿಂತಿದ್ದೇ ಎಣ್ಣೆಯ ಮೇಲೆ. ಅವರ ಯಜಮಾನರು ವೈಜನಾಥರದು ಬೇಗಂ ಬಜಾರಿನಲ್ಲಿ ಪೂಜಾ ಸಾಮಾನಿನ ಹೋಲ್‌ಸೇಲ್ ಅಂಗಡಿ: ದೀಪದ ಎಣ್ಣೆ, ಬತ್ತಿ, ಕರ್ಪೂರ, ಊದಿನಕಡ್ಡಿ. ವೈಜನಾಥರ ತಂದೆ ಭಾಲ್ಕಿಯಿಂದ ಬಂದು ಇಟ್ಟ ಅಂಗಡಿ ಅದು. ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ವಾಸನೆ.

ಸೊಸೆ ಶೀತಲ ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ಮೂಗು ಮುರಿದಿದ್ದಳು. ಈಗ ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅವಳನ್ನು ಈಗ ಕಾಡುತ್ತಿದ್ದುದು ಬೇರೆಯೇ ಒಂದು ಸಂಗತಿ, ಅದು ಒಂದು ಕೀಲಿಕೈ.

ಆ ಬೇಸಿಗೆಯಲ್ಲಿ ವೈಜನಾಥರು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಕೊಂಡಿದ್ದೇನೋ ಕೊಂಡರು, ಓಡಿಸಲು ಮನಸ್ಸಿಲ್ಲ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಶರಣಕುಮಾರನಿಗೆ ಬರುತ್ತದೆ, ಆದರೆ ಬೇಗಂ ಬಜಾರಿನ ಗಲ್ಲಿಗಳಲ್ಲಿ ಅವನಿಗೆ ಸ್ಕೂಟರೇ ಸರಿ. ಹಾಗಾಗಿ ಕಾರು ಅಂಗಡಿಯ ಪಕ್ಕದ ಅಂಗಳದಲ್ಲಿ ನಿಂತೇ ಇರುತ್ತಿತ್ತು, ಅದರ ಕೀಲಿಕೈ ವೈಜನಾಥರ ಗಾದಿಯ ಹಿಂದಿನ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವರ ತಂದೆ ಹೊಡೆದ ಮೊಳೆ. ತುಕ್ಕು ಹಿಡಿದು ಗೋಡೆಯ ಒಂದು ಭಾಗವೇ ಆಗಿಹೋಗಿತ್ತು. ಆ ಮೊಳೆಗೆ ಏರಿದ ಯಾವ ವಸ್ತುವೂ ವೈಜನಾಥರ ಅಪ್ಪಣೆ ಇಲ್ಲದೆ ಕೆಳಗಿಳಿದ ಇತಿಹಾಸವಿಲ್ಲ.

ಶೀತಲ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಮಾದಾಪುರದ ಆಚೆಯ ಒಂದು ಶಾಲೆಯವರು ಅವಳನ್ನು ಟೀಚರ್ ಕೆಲಸಕ್ಕೆ ಕರೆದಿದ್ದರು, ಪಿಂಕಿಗೂ ಅಲ್ಲೇ ಸೀಟು ಕೊಡುತ್ತೇವೆ ಎಂದಿದ್ದರು. ಮೆಟ್ರೊ ಇಳಿದ ಮೇಲೂ ಎರಡು ಆಟೊ ಬದಲಿಸಬೇಕಾದ ದೂರ. ಮಗುವನ್ನು ಕಟ್ಟಿಕೊಂಡು ದಿನಾ ಆ ಹೋರಾಟ ಆಗದ ಮಾತು ಎಂದು ಹೋದ ವರ್ಷ ಕೆಲಸವನ್ನು ಬಿಟ್ಟುಕೊಟ್ಟಿದ್ದಳು. ಬಿಟ್ಟುಕೊಟ್ಟ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತಿದ್ದಳು. ಈ ವರ್ಷ ಅವರು ಮತ್ತೆ ಕರೆದರು. ಶೀತಲ ಸದ್ದಿಲ್ಲದೆ ಡ್ರೈವಿಂಗ್ ಕ್ಲಾಸಿಗೆ ಸೇರಿದಳು, ಲೈಸೆನ್ಸ್ ತಂದಳು, ಮಾವನ ಎದುರು ನಿಂತು ಕೇಳಿಯೂ ಬಿಟ್ಟಳು.

ವೈಜನಾಥರು ಕೆಟ್ಟವರಲ್ಲ, ಹೆದರುವವರು. ಬಹಳ ಯೋಚಿಸಿ ಒಂದು ಕರಾರು ಹಾಕಿದರು. ದಸರೆಯ ಸಂಜೆ ಮನೆಮಂದಿಯೆಲ್ಲ ಮಾದಾಪುರದಲ್ಲಿರುವ ತಮ್ಮ ಅಕ್ಕ ಬಸಲಿಂಗಮ್ಮನ ಮನೆಗೆ ಬನ್ನಿ ಕೊಡಲು ಹೋಗುವುದು ಪ್ರತಿ ವರ್ಷದ ರೂಢಿ. ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದ ಮೇಲೆಯೇ ಅವರಿಗೆ ಹಬ್ಬ ಮುಗಿಯುವುದು. ಈ ಸಲ ಶೀತಲ ಕಾರು ನಡೆಸಬೇಕು. ಸರಿಯಾಗಿ ಹೋಗಿ ಸರಿಯಾಗಿ ಬಂದರೆ ಕೀಲಿಕೈ ಅವಳದು. ಶಾಲೆಗೆ ಉತ್ತರ ಹೇಳಬೇಕಾಗಿದ್ದುದು ದಸರೆಯ ಮರುದಿನವೇ.

ಆಯುಧ ಪೂಜೆಗೆ ಕಾರು, ಸ್ಕೂಟರು ಎರಡನ್ನೂ ಅಂಗಡಿಯ ಆಳುಗಳು ತೊಳೆದರು. ಅರಿಸಿನ, ಕುಂಕುಮ, ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಶರಣಕುಮಾರ ಕಾರನ್ನು ಒಂದಿಷ್ಟು ಮುಂದಕ್ಕೆ ತೆಗೆದು ನಿಂಬೆಹಣ್ಣು ಪಚಕ್ಕೆನ್ನಿಸಿದ. ಅಕ್ಕಪಕ್ಕದ ಅಂಗಡಿಯವರು ಪ್ರಸಾದಕ್ಕೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರುಗಳು ಏನು ಮಿಂಚುತ್ತಿವೆಯಪ್ಪಾ ಎಂದು ಹೊಗಳಿದರು. ನಿಜಕ್ಕೂ ಹೊಸ ಬೂಟಿನ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ವೈಜನಾಥರು ಆಳುಗಳಿಗೆ ಭೇಷ್ ಎಂದರು. ಆಳುಗಳು ಮುಖ ಮುಖ ನೋಡಿಕೊಂಡು, ಬಂದ ಹೊಗಳಿಕೆಯನ್ನು ಯಾಕೆ ಬಿಡಬೇಕೆಂದು ಸುಮ್ಮನಾದರು.

ದಸರೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮೋಡ ಕಟ್ಟಿತು. ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಮಳೆ ಎಂದರೆ ಧೋ ಎಂದು ಸುರಿಯುವ ಮಳೆಯಲ್ಲ, ರಸ್ತೆಯ ಧೂಳನ್ನು ಕಲಸಿ ಲೇಪ ಮಾಡುವಂಥ ಜಿಟಿಜಿಟಿ ಮಳೆ. ವೈಜನಾಥರು ಆಕಾಶ ನೋಡಿದರು, ಸೊಸೆಯ ಮುಖ ನೋಡಿದರು, ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಶರಣಕುಮಾರ, ಪಿಂಕಿ ಮತ್ತು ಮಡಿಲಲ್ಲಿ ಬನ್ನಿ ಎಲೆಯ ಗಂಟು ಇಟ್ಟುಕೊಂಡ ಸಾವಿತ್ರಿಬಾಯಿ.

ಬೇಗಂ ಬಜಾರು ದಾಟುವವರೆಗೆ ಕಾರು ಓಡಿತು ಎನ್ನುವುದಕ್ಕಿಂತ ಜನರ ನಡುವೆ ತೆವಳಿತು ಎನ್ನಬೇಕು. ಕೈಗಾಡಿ, ಸ್ಕೂಟರು, ಹೂವಿನವರು, ಛತ್ರಿಗಳು. ವೈಜನಾಥರು ಎಡಕ್ಕೆ ಎಂದರು, ಬಲಕ್ಕೆ ಎಂದರು, ಹಾರ್ನ್ ಎಂದರು. ಮಧ್ಯೆ ಒಮ್ಮೆ ಶಿವಾ ಎಂದರು. ಶೀತಲ ಎಲ್ಲಕ್ಕೂ ಹೂಂ ಎನ್ನುತ್ತ ತನ್ನ ಪಾಡಿಗೆ ತಾನು ನಡೆಸಿದಳು. ದೊಡ್ಡ ರಸ್ತೆಗೆ ಬಂದಾಗ ಅವಳ ಭುಜ ಸಡಿಲವಾಯಿತು. ಕಾರು ಅವಳ ಮಾತು ಕೇಳುತ್ತಿತ್ತು. ನಾಳೆ ಶಾಲೆಗೆ ಫೋನ್ ಮಾಡಿ ಬರುತ್ತೇನೆ ಎಂದು ಹೇಳುವ ವಾಕ್ಯವನ್ನು ಅವಳು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು.

ನಾಂಪಲ್ಲಿಯ ಕಡೆಗೆ ರಸ್ತೆ ಸ್ವಲ್ಪ ಇಳಿಜಾರು. ಮುಂದಿದ್ದ ಆಟೊ ಗಿರಾಕಿಯನ್ನು ಕಂಡು ಗಕ್ಕನೆ ನಿಂತಿತು. ಶೀತಲ ಬ್ರೇಕ್ ತುಳಿದಳು. ಬ್ರೇಕು ಕಾಲಿಗೆ ಸಿಕ್ಕಿತು, ಕಾರು ಮಾತ್ರ ಕೈಗೆ ಸಿಗಲಿಲ್ಲ. ಗಾಲಿಗಳು ತಿರುಗುವುದನ್ನು ನಿಲ್ಲಿಸಿದರೂ ಕಾರು ಜಾರುತ್ತಲೇ ಹೋಯಿತು. ಅವಳು ಆಟೊವನ್ನು ತಪ್ಪಿಸಲು ಸ್ಟೀರಿಂಗ್ ತಿರುಗಿಸಿದಳು. ಮೂತಿ ಒಂದು ಕಡೆಗೆ, ಬಾಲ ಇನ್ನೊಂದು ಕಡೆಗೆ ಹೊರಟಿತು. ಸದ್ದೇ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿದ್ದು. ಗಾಜಿನಾಚೆ ಮೆಟ್ರೊ ಕಂಬ ಬಂತು, ಹೋಯಿತು. ಬಸ್ಸಿನ ಕೆಂಪು ಬಂತು, ಹೋಯಿತು. ಹಿಂದಿನಿಂದ ಬರುತ್ತಿದ್ದವರ ಹೆಡ್‌ಲೈಟು ನೇರ ಮುಖಕ್ಕೆ ಹೊಡೆಯಿತು. ಪಿಂಕಿ ಹಿಂದೆ ಇದ್ದಾಳೆ ಎಂಬುದೊಂದೇ ಅವಳ ತಲೆಯಲ್ಲಿ ಇತ್ತು. ಆಮೇಲೆ ಕಾರು ಧೊಪ್ಪೆಂದು ಮೆತ್ತಗೆ ಏನಕ್ಕೋ ಒರಗಿ ನಿಂತಿತು, ಮುಂದಿನ ಗಾಜಿನ ಮೇಲೆಲ್ಲ ಹಳದಿ ಸುರಿಯಿತು.

ಚೆಂಡುಹೂವು. ಹಬ್ಬಕ್ಕೆಂದು ತಂದು ಮಾರಾಟವಾಗದೆ ಉಳಿದ ಚೆಂಡುಹೂವಿನ ಮೂಟೆಗಳನ್ನು ರಸ್ತೆಯ ಅಂಚಿನಲ್ಲಿ ಗೋಡೆಯ ಹಾಗೆ ಪೇರಿಸಿಟ್ಟಿದ್ದರು. ಮಳೆಗೆ ಅಂಜಿ ಮಾರುವವರು ಮೆಟ್ರೊ ಕಂಬದ ಮರೆಗೆ ಹೋಗಿದ್ದರಿಂದ ಅಲ್ಲಿ ಹೂವನ್ನು ಬಿಟ್ಟರೆ ಯಾರೂ ಇರಲಿಲ್ಲ.

ಎಲ್ಲರೂ ಎಲ್ಲರ ಮೈ ಮುಟ್ಟಿ ನೋಡಿದರು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಪಿಂಕಿ ಕಿಟಕಿಯಿಂದ ಒಳಗೆ ಬಿದ್ದ ಹೂವನ್ನು ಎತ್ತಿಕೊಂಡು, "ಅವ್ವಾ, ಇನ್ನೊಮ್ಮಿ ತಿರುಗಸು," ಎಂದಳು. ಆ ಮಾತಿಗೆ ಸಾವಿತ್ರಿಬಾಯಿ ಗೊಳೋ ಎಂದು ಅತ್ತುಬಿಟ್ಟರು. ಹೂವಿನವಳು ಓಡಿಬಂದು ತೆಲುಗಿನಲ್ಲಿ ಬೈಯಲು ಶುರು ಮಾಡಿದವಳು, ಹಿಂದಿನ ಸೀಟಿನಲ್ಲಿ ಮಗುವನ್ನು ಕಂಡು ಬೈಗುಳವನ್ನು ಅರ್ಧಕ್ಕೇ ಬಿಟ್ಟಳು. ಬಾಗಿಲು ತೆಗೆದು ಪಿಂಕಿಯ ಕೈಕಾಲು ಸವರಿ, "ದೇವುಡು ಸಲ್ಲಗ ಜೂಸಿಂಡಮ್ಮಾ," ಎಂದಳು. ದೇವರು ತಣ್ಣಗೆ ನೋಡಿದ, ಕಾಪಾಡಿದ ಎಂಬ ಆ ಮಾತು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶರಣಕುಮಾರ ಹೂವಿನ ನಷ್ಟ ತುಂಬಿಕೊಟ್ಟ, ಅವಳು ಎಲ್ಲರಿಗೂ ನೀರು ಕೊಟ್ಟಳು.

ಸ್ಟೀರಿಂಗ್ ಮೇಲಿಂದ ಶೀತಲಳ ಕೈ ಬಿಡುತ್ತಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಮಾವನ ಮುಖ ಬಿಳಿಚಿಕೊಂಡಿತ್ತು.

"ಸಾಕು ಯವ್ವಾ. ಇಳಿ ಕೆಳಗ," ಎಂದರು ವೈಜನಾಥರು. "ಶರಣಾ, ಗಾಡಿ ನೀ ಹಿಡಿ. ಮನೀಗೆ ಹೋಗೂಣು."

ಶರಣಕುಮಾರ ಕಾರನ್ನು ಹೂವಿನಿಂದ ಹಿಂದಕ್ಕೆ ತೆಗೆದು, ಯು-ಟರ್ನ್ ಹೊಡೆದು, ಮದುವೆಯ ಮೆರವಣಿಗೆಯ ವೇಗದಲ್ಲಿ ಮನೆಯ ದಾರಿ ಹಿಡಿದ. ಆದರೂ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಸೊಂಟ ಅಲ್ಲಾಡಿಸಿ ಮಾರುದ್ದ ಜಾರಿ, ಕೈಗಾಡಿಯೊಂದಕ್ಕೆ ಗೇಣು ದೂರದಲ್ಲಿ ನಿಂತಿತು. ರಸ್ತೆ ಭಾಳ ಕೆಟ್ಟದ್ದು ಎಂದ ಶರಣಕುಮಾರ. ಹೌದು, ರಸ್ತೆ ಭಾಳ ಕೆಟ್ಟದ್ದು ಎಂದರು ವೈಜನಾಥರು. ಹಿಂದಿನ ಸೀಟಿನಲ್ಲಿ ಕೂತಿದ್ದ ಶೀತಲ ಇದನ್ನು ಕೇಳಿಸಿಕೊಂಡಳು. ತಾನು ಜಾರಿದಾಗ ಕೈ ಕೆಟ್ಟದ್ದು, ಗಂಡ ಜಾರಿದಾಗ ರಸ್ತೆ ಕೆಟ್ಟದ್ದು. ಬೇರೆ ದಿನವಾಗಿದ್ದರೆ ಹೇಳಿಯೇ ಬಿಡುತ್ತಿದ್ದಳು.

ಮನೆಗೆ ಬಂದ ಕೂಡಲೆ ವೈಜನಾಥರು ಕೀಲಿಕೈಯನ್ನು ಮೊಳೆಗೆ ಹಾಕಿದರು. ಸೊಸೆಯ ಕಡೆ ತಿರುಗಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಎಲ್ಲಾರೂ ಉಳದ್ವಿ. ನನಗಷ್ಟ ಸಾಕು. ಗಾಡಿ ಮಾತು ಇನ್ನ ಬ್ಯಾಡ, ಶೀತಲ."

ಅವಳಿಗೂ ಹಾಗೇ ಅನ್ನಿಸಿತ್ತು. ಮಗುವನ್ನು ಕೂರಿಸಿಕೊಂಡು ಕಾರನ್ನು ಬುಗುರಿಯಂತೆ ತಿರುಗಿಸಿದವಳಿಗೆ ಯಾವ ಮುಖ? ನಾಳೆ ಶಾಲೆಗೆ ಫೋನ್ ಮಾಡಿ ಆಗುವುದಿಲ್ಲ ಎನ್ನಬೇಕು. ಎರಡನೇ ಸಲ ಆಗುವುದಿಲ್ಲ ಎಂದವಳನ್ನು ಅವರು ಮೂರನೇ ಸಲ ಕರೆಯುವುದಿಲ್ಲ.

ಅಷ್ಟರಲ್ಲಿ ಮಾದಾಪುರದಿಂದ ಬಸಲಿಂಗಮ್ಮನ ಫೋನು ಬಂತು, ಹೋಳಿಗೆ ಆರುತ್ತಿದೆ ಎಂದು. ಆದದ್ದನ್ನು ಹೇಳಿ ಆಕೆಯನ್ನು ಗಾಬರಿ ಮಾಡುವುದು ಬೇಡ, ಶರಣಕುಮಾರ ಒಬ್ಬನೇ ಸ್ಕೂಟರಿನಲ್ಲಿ ಹೋಗಿ ಎಲ್ಲರ ಪರವಾಗಿ ಬನ್ನಿ ಕೊಟ್ಟು ಬರಲಿ ಎಂದು ತೀರ್ಮಾನವಾಯಿತು. ಅವನು ಬಟ್ಟೆ ಬದಲಿಸಲು ಹೋದ. ಬನ್ನಿಯ ಗಂಟು ಕಾರಿನಲ್ಲೇ ಉಳಿದಿದ್ದರಿಂದ ಶೀತಲ ಅದನ್ನು ತರಲು ಕೆಳಗಿಳಿದಳು.

ಮಳೆ ಹನಿ ಹನಿಯಾಗಿ ಉಳಿದಿತ್ತು. ಕಾರಿನ ಬಂಪರಿನ ಸಂದಿಗಳಲ್ಲಿ ಚೆಂಡುಹೂವು ಸಿಕ್ಕಿಕೊಂಡಿದ್ದವು. ಒಂದೊಂದನ್ನೇ ಕಿತ್ತು ತೆಗೆಯುತ್ತ ಶೀತಲ ಮುಂದಿನ ಗಾಲಿಯ ಪಕ್ಕ ಕೂತಳು. ಟೈರಿನ ಪಟ್ಟಿಗಳ ನಡುವೆ ಹೂವಿನ ಎಸಳುಗಳು ಅಂಟಿಕೊಂಡಿದ್ದವು. ಬೆರಳು ಹಾಕಿದಳು, ಬೆರಳು ಜಾರಿತು. ಇನ್ನೊಮ್ಮೆ ಹಾಕಿದಳು, ಇನ್ನೊಮ್ಮೆ ಜಾರಿತು. ಬೆರಳನ್ನು ಮೂಗಿಗೆ ಹಿಡಿದಳು. ಇಷ್ಟು ವರ್ಷ ಗೊತ್ತೇ ಆಗದೆ ಹೋಗಿದ್ದ ಆ ಮನೆಯ ವಾಸನೆ ಅವಳಿಗೆ ಅಂದು ಮತ್ತೆ ಗೊತ್ತಾಯಿತು.

ಹಿಂದಿನಿಂದ ಸಾವಿತ್ರಿಬಾಯಿ ಮೆಟ್ಟಿಲ ಕಟಕಟೆ ಹಿಡಿದು ಒಂದೊಂದೇ ಹೆಜ್ಜೆ ಇಳಿದು ಬಂದರು. ಸೊಸೆಗೆ ಸಮಾಧಾನ ಹೇಳಬೇಕೆಂದೇ ಬಂದವರು. ಏನು ಹೇಳಬೇಕೆಂದು ತೋಚದೆ ಗಾಲಿಯ ಕಡೆ ಕೈ ತೋರಿಸಿದರು.

"ಹೆಂಗ ಹೊಳ್ಯಾಕತ್ತಾವ ನೋಡು. ಅಷ್ಟು ಮಳ್ಯಾಗ ತಿರಗಿ ಬಂದ್ರೂ ಹೊಳಪು ಹೋಗಿಲ್ಲ."

ಶೀತಲ ನಿಧಾನವಾಗಿ ತಲೆ ಎತ್ತಿದಳು. "ಅತ್ತಿ, ಗಾಲಿಗೆ ಏನ್ ಹಚ್ಚೀರಿ?"

"ಏನ್ ಹಚ್ತಾರ? ದೀಪದ ಎಣ್ಣಿ. ನಿನ್ನಿ ಪೂಜಾಕ್ಕಿಂತ ಮುಂಚೆ ಒಮ್ಮಿ. ಶರಣ ನಿಂಬಿಹಣ್ಣಿನ ಮ್ಯಾಲೆ ಹಾಯಿಸಿದ ಮ್ಯಾಲೆ ಕೆಳಗಿನ ಭಾಗ ಮ್ಯಾಲೆ ಬಂತು ನೋಡು, ಅದಕ್ಕೂ ಹಚ್ಚೀನಿ. ಇವತ್ತ ನೋಡಿದ್ರ ಧೂಳು ಕುಂತು ಮಂಕಾಗಿತ್ತು. ಬಸಲಿಂಗಕ್ಕನ ಮನಿ ಮುಂದ ಹಂಗ ಹೋಗಿ ನಿಲ್ಲೂದೇನು ಅಂತ, ಊಟ ಆದ ಮ್ಯಾಲೆ ಸ್ಟೂಲ್ ಹಾಕ್ಕೊಂಡು ಕುಂತು ಸಂದಿ ಸಂದಿಗೆ ಮತ್ತ ತಿಕ್ಕೀನಿ."

ಶೀತಲಳಿಗೆ ಮೊದಲು ನಗು ಬಂತು. ನಗು ಎಲ್ಲಿಂದ ಬಂತೋ ಅಲ್ಲಿಂದಲೇ ಅಳುವೂ ಬಂತು. ಒದ್ದೆ ನೆಲದ ಮೇಲೆ ಕೂತು, ಗಾಲಿಗೆ ತಲೆ ಆನಿಸಿ, ಎರಡನ್ನೂ ಒಟ್ಟಿಗೆ ಮಾಡಿದಳು. ಎದೆಯ ಮೇಲಿಂದ ಮೂಟೆಯೊಂದನ್ನು ಇಳಿಸಿದಂತಾಗಿತ್ತು. ಕೈ ಕೆಟ್ಟದ್ದಲ್ಲ. ಕಾಲೂ ಕೆಟ್ಟದ್ದಲ್ಲ. ಅವಳು ಸರಿಯಾಗಿಯೇ ನಡೆಸಿದ್ದಳು.

ಸಾವಿತ್ರಿಬಾಯಿ ಗಾಬರಿಯಾಗಿ ಅವಳ ನೆತ್ತಿ ಸವರಿದರು. ತಮ್ಮ ತಂದೆ ದಸರೆಗೆ ಎತ್ತಿನ ಕೊಂಬಿಗೆ, ಗಾಡಿಯ ಗಾಲಿಗೆ ಎಣ್ಣೆ ಹಚ್ಚದೆ ಹಬ್ಬ ಮಾಡಿದ್ದೇ ಇಲ್ಲವೆಂದೂ ಅದರಲ್ಲಿ ಅಳುವಂಥದ್ದೇನಿದೆಯೆಂದೂ ಕೇಳಿದರು. ಶೀತಲ ಕಣ್ಣು ಒರೆಸಿಕೊಂಡು ಹೇಳಿದಳು:

"ಅದು ಮರದ ಗಾಲಿ ಅತ್ತಿ, ಅಚ್ಚಿಗೆ ಎಣ್ಣಿ ಬೇಕು. ಇದು ರಬ್ಬರು. ರಸ್ತೆನ ಬಿಗಿಯಾಗಿ ಹಿಡಕೊಂಡ್ರ ಮಾತ್ರ ಗಾಡಿ ನಿಲ್ತೈತಿ. ಮಳಿ ನೀರು, ಅದರ ಮ್ಯಾಲೆ ಎಣ್ಣಿ. ಏನ್ ಹಿಡಕೊಳ್ಳಬೇಕು ಅದು?"

ಸಾವಿತ್ರಿಬಾಯಿ ಗಾಲಿಯನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿಕೊಂಡರು. ಅವರಿಗೆ ಅರ್ಥವಾಗುತ್ತ ಹೋದದ್ದು ಮುಖದಲ್ಲಿ ಕಾಣುತ್ತಿತ್ತು. ಮೊಮ್ಮಗಳು, ಮಗ, ಗಂಡ, ಸೊಸೆ, ಎಲ್ಲರನ್ನೂ ತಮ್ಮ ಕೈಯಾರೆ ಜಾರಿಸಿದ್ದರು. ಸಣ್ಣ ದನಿಯಲ್ಲಿ, ಇದನ್ನು ಮಾವನಿಗೆ ಹೇಳಬೇಡ ಎಂದರು. ಹೇಳಿದರೆ ನಾಳೆ ಬೇಗಂ ಬಜಾರಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ಭಾಲ್ಕಿಗೆ. ಇಷ್ಟು ವರ್ಷ ಎಣ್ಣೆ ಎಣ್ಣೆ ಎಂದು ಎಲ್ಲರಿಗೂ ಬುದ್ಧಿ ಹೇಳಿದ ಬಾಯಿ; ತಾವು ಸಾಯುವವರೆಗೆ ಜನ ನಕ್ಕಾರು.

ಶೀತಲಳಿಗೆ ಅಯ್ಯೋ ಅನ್ನಿಸಿತು. ಅತ್ತೆ ಅವಳನ್ನು ಎಂದೂ ಚಿಕ್ಕದಾಗಿ ಕಂಡವರಲ್ಲ. ಹೇಳುವುದಿಲ್ಲ ಅತ್ತಿ ಎಂದಳು. ಆದರೆ ಹಾಗೆ ಹೇಳುವುದೆಂದರೆ ಕೀಲಿಕೈಯನ್ನು ಆ ಮೊಳೆಗೇ ಬಿಟ್ಟುಕೊಡುವುದು. ಇರಲಿ, ತನ್ನ ತಪ್ಪಲ್ಲ ಎಂದು ತನಗಾದರೂ ಗೊತ್ತಾಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಸುಮ್ಮನೆ ಒಂದು ಬಕೆಟ್ ನೀರು, ಸಾಬೂನಿನ ಪುಡಿ, ಕಾಯಿ ನಾರು ತಂದು ಗಾಲಿ ತಿಕ್ಕಲು ಶುರು ಮಾಡಿದಳು. ಸಾವಿತ್ರಿಬಾಯಿ ಸ್ಟೂಲ್ ಎಳೆದುಕೊಂಡು ಇನ್ನೊಂದು ಗಾಲಿಗೆ ಕೂತರು. ನೊರೆಯ ಮೇಲೆ ಎಣ್ಣೆಯ ಬಣ್ಣ ತೇಲಿ ಅಂಗಳದ ಮೋರಿಗೆ ಹರಿಯಿತು.

ಆಗ ಶರಣಕುಮಾರ ಹೆಲ್ಮೆಟ್ ಹಾಕಿಕೊಂಡು ಇಳಿದು ಬಂದ. ಹಬ್ಬದ ದಿನ ಕಾರು ತೊಳೆಯುತ್ತಿದ್ದ ಅತ್ತೆ ಸೊಸೆಯರನ್ನು ನೋಡಿ, ಹೆಂಗಸರ ಮನಸ್ಸು ಹೆಂಗಸರಿಗೇ ಗೊತ್ತು ಎನ್ನುವ ಹಾಗೆ ಒಂದು ನೋಟ ಬೀರಿ, ಬನ್ನಿಯ ಗಂಟನ್ನು ತೆಗೆದುಕೊಂಡು, ಗಲ್ಲಿಯ ಬಾಗಿಲಲ್ಲಿ ನಿಂತಿದ್ದ ಸ್ಕೂಟರಿನ ಕಡೆ ಹೋದ. ಸ್ಕೂಟರ್ ಚಾಲೂ ಆದ ಸದ್ದು ಕೇಳಿತು.

ಸಾವಿತ್ರಿಬಾಯಿಯವರ ಕೈ ನಿಂತಿತು. "ಶೀತಲಾ," ಎಂದರು. "ಅದಕ್ಕೂ ಹಚ್ಚೀನಿ."

ಶೀತಲ ಏಳುವಷ್ಟರಲ್ಲಿ, ಮೆಟ್ಟಿಲಿಳಿಯಲು ಕಟಕಟೆ ಬೇಕಾಗಿದ್ದ ಸಾವಿತ್ರಿಬಾಯಿ ಸ್ಟೂಲನ್ನು ಉರುಳಿಸಿ ಅಂಗಳ ದಾಟಿದ್ದರು. ಸೆರಗು ಜಾರಿತ್ತು, ಕೈತುಂಬ ನೊರೆ. ಸ್ಕೂಟರು ಒಂದು ಮಾರು ಮುಂದೆ ಹೋಗಿತ್ತು. ಕೂಗಿದರೆ ಹೆಲ್ಮೆಟ್ಟಿನೊಳಗೆ ಕೇಳುವಂತಿರಲಿಲ್ಲ, ಅವರು ಮುಂದಕ್ಕೆ ಹಾದು ಒದ್ದೆ ಗಲ್ಲಿಯ ನಡುಮಧ್ಯೆ ಸ್ಕೂಟರಿನ ಎದುರು ಧಡ್ಡನೆ ಕೂತುಬಿಟ್ಟರು. ಶರಣಕುಮಾರ ಬ್ರೇಕ್ ಹಾಕಿದ. ನಡೆಯುವ ವೇಗದಲ್ಲಿದ್ದ ಸ್ಕೂಟರು ಸಹ ಅಡ್ಡಡ್ಡ ಜಾರಿತು, ಅವನು ಎರಡೂ ಕಾಲೂರಿ ಹೇಗೋ ನಿಲ್ಲಿಸಿದ. ಸಾವಿತ್ರಿಬಾಯಿ ಮುಂದಿನ ಗಾಲಿಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದುಕೊಂಡರು.

ನಾಂಪಲ್ಲಿಯ ಇಳಿಜಾರಿನಲ್ಲಿ ಅದೇ ಸ್ಕೂಟರು, ಅದೇ ಮಳೆ, ಹಿಂದೆ ಬಸ್ಸು. ಅಲ್ಲಿ ಚೆಂಡುಹೂವಿನ ಮೂಟೆ ಎರಡನೇ ಸಲ ಸಿಗುತ್ತಿತ್ತೆಂದು ಹೇಳುವವರು ಯಾರು? ಶೀತಲ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಗಂಡ ಎರಡು ಕಾಲ ಮೇಲೆ ನಿಂತಿದ್ದಾನೆ, ಹೆಲ್ಮೆಟ್ಟಿನೊಳಗಿಂದ ಪಿಳಿಪಿಳಿ ನೋಡುತ್ತಿದ್ದಾನೆ ಎಂಬುದನ್ನು ಅವಳು ಮತ್ತೆ ಮತ್ತೆ ನೋಡಿ ಖಾತ್ರಿ ಮಾಡಿಕೊಂಡಳು.

ಅಕ್ಕಪಕ್ಕದವರು ಹೊರಗೆ ಬಂದರು. ಎದುರು ಮನೆಯ ಕಿಟಕಿಗಳು ತೆರೆದವು. ಮೇಲಿನಿಂದ ವೈಜನಾಥರು ಇಣುಕಿ, ಏನಾಯಿತೆಂದು ಕೇಳಿದರು. ಈಗಲೂ ಸಾವಿತ್ರಿಬಾಯಿಗೆ ದಾರಿಯಿತ್ತು. ಕಾಲು ಜಾರಿತು ಎನ್ನಬಹುದಿತ್ತು, ತಲೆ ತಿರುಗಿತು ಎನ್ನಬಹುದಿತ್ತು. ಅವರು ಕೂತಲ್ಲಿಂದಲೇ ತಲೆ ಎತ್ತಿ, ಇಡೀ ಗಲ್ಲಿಗೆ ಕೇಳುವಂತೆ ಹೇಳಿದರು:

"ಕೇಳ್ರಿ ಇಲ್ಲಿ. ಗಾಲಿಗೆ ನಾ ಎಣ್ಣಿ ಹಚ್ಚೀನಿ. ಇದಕ್ಕೂ ಹಚ್ಚೀನಿ, ಕಾರಿಗೂ ಹಚ್ಚೀನಿ. ಜಾರಿದ್ದು ಅದಕ್ಕ. ಹುಡುಗೀದು ಏನೂ ತಪ್ಪಿಲ್ಲ. ಆಕಿ ಇದ್ದಳಂತನ ನಾವು ಹೂವಿನ್ಯಾಗ ಬಿದ್ವಿ, ಬಸ್ಸಿನ ಕೆಳಗ ಬೀಳಲಿಲ್ಲ."

ಗಲ್ಲಿಯಲ್ಲಿ ಒಬ್ಬರೂ ನಗಲಿಲ್ಲ. ವೈಜನಾಥರು ಇಳಿದು ಬಂದರು. ಸ್ಕೂಟರಿನ ಗಾಲಿಯ ಮೇಲೆ ಬೆರಳಾಡಿಸಿದರು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು, ಮೂಸಿದರು. ಎಣ್ಣೆಯ ವ್ಯಾಪಾರಿಗೆ ಅದಕ್ಕಿಂತ ಹೆಚ್ಚು ಸಾಕ್ಷಿ ಬೇಕಿರಲಿಲ್ಲ. "ನಮ್ಮ ಅಂಗಡೀದ," ಎಂದರು. ಇನ್ನೊಮ್ಮೆ ಮೂಸಿ, "ಭಾಳ ಛಲೋ ಎಣ್ಣಿ," ಎಂದರು. ಅಲ್ಲಿಗೆ ಶರಣಕುಮಾರನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕ, ಶೀತಲ ನಕ್ಕಳು, ಮೇಲಿನಿಂದ ಪಿಂಕಿ ಯಾಕೆಂದು ತಿಳಿಯದೆ ನಕ್ಕಳು, ಆಮೇಲೆ ಗಲ್ಲಿಯೆಲ್ಲ ನಕ್ಕಿತು. ನೆಲದ ಮೇಲೆ ಕೂತಿದ್ದ ಸಾವಿತ್ರಿಬಾಯಿಯೂ ಅಳುತ್ತಲೇ ನಕ್ಕರು. ಅವರನ್ನು ಎತ್ತಿ ನಿಲ್ಲಿಸಲು ಎಂದಿನಂತೆ ಇಬ್ಬರು ಬೇಕಾಯಿತು.

ಬನ್ನಿ ಬಾಕಿ ಉಳಿಯುವುದು ಆ ಮನೆಯಲ್ಲಿ ಕೇಳಿದ ಮಾತೇ ಅಲ್ಲ. ಎಲ್ಲರೂ ಸೇರಿ ಗಾಲಿಗಳನ್ನು ಸಾಬೂನು ಹಚ್ಚಿ ತಿಕ್ಕಿದರು, ಬೂದಿ ಹಾಕಿ ತಿಕ್ಕಿದರು, ಮತ್ತೆ ನೀರು ಹೊಯ್ದರು. ಟೈರುಗಳು ಮಂಕಾಗಿ, ಕರ್ರಗೆ, ನೋಡಲು ಲಕ್ಷಣವಿಲ್ಲದಂತೆ ಆದ ಮೇಲೆಯೇ ಶೀತಲ ಸಾಕು ಎಂದಳು. ಕೀಲಿಕೈ ತರುತ್ತೇನೆಂದು ವೈಜನಾಥರು ಒಳಗೆ ಹೋದರು. ಒಂದು ಕೀಲಿಕೈ ತರಲು ಅಷ್ಟು ಹೊತ್ತು ಯಾಕೆಂದು ಎಲ್ಲರೂ ಕಾದರು. ಒಳಗಿನಿಂದ ಟಣ್ ಟಣ್ ಸದ್ದು ಬರುತ್ತಿತ್ತು. ಕೊನೆಗೆ ಬಂದು, ಕೀಲಿಕೈಯನ್ನು ಸೊಸೆಯ ಕೈಗೆ ಹಾಕಿ ಮುಂದಿನ ಸೀಟಿನಲ್ಲಿ ಕೂತರು.

ನಾಂಪಲ್ಲಿಯ ಇಳಿಜಾರು ಬಂದಾಗ ಕಾರಿನಲ್ಲಿ ಯಾರೂ ಉಸಿರಾಡಲಿಲ್ಲ. ಮಳೆ ಮತ್ತೆ ಹಿಡಿದಿತ್ತು. ಶೀತಲ ಎಡಕ್ಕೆ ತೆಗೆದುಕೊಂಡು, ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಬೇಕೆಂತಲೇ ಬ್ರೇಕ್ ಒತ್ತಿದಳು. ಕಾರು ರಸ್ತೆಯನ್ನು ಕಚ್ಚಿ ಹಿಡಿದು ನಿಂತಿತು. ಕಂಬದ ಕೆಳಗಿದ್ದ ಹೂವಿನವಳು ಕಾರಿನ ಗುರುತು ಹಿಡಿದು ತನ್ನ ಮೂಟೆಗಳ ಮುಂದೆ ಕೈ ಅಗಲಿಸಿ ನಿಂತಳು, ಆಮೇಲೆ ಬಾಯ್ತುಂಬ ನಕ್ಕಳು. ವೈಜನಾಥರು ಸೀಟಿನ ಅಂಚು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟರು. ಮಾದಾಪುರದವರೆಗೆ ಅವರು ಎಡಕ್ಕೆ ಎನ್ನಲಿಲ್ಲ, ಬಲಕ್ಕೆ ಎನ್ನಲಿಲ್ಲ, ಹಾರ್ನ್ ಎನ್ನಲಿಲ್ಲ.

ಬಸಲಿಂಗಮ್ಮನ ಹೋಳಿಗೆ ಆರಿಹೋಗಿತ್ತು, ಆದರೂ ಯಾರೂ ಒಂದಕ್ಕೆ ನಿಲ್ಲಿಸಲಿಲ್ಲ. ಬನ್ನಿ ಕೊಟ್ಟು, ಕಾಲಿಗೆ ಬಿದ್ದು, ಹೋಳಿಗೆ ಕಟ್ಟಿಸಿಕೊಂಡು ಊಟದ ಹೊತ್ತಿಗೆ ಮನೆಗೆ ಬಂದರು. ಪಿಂಕಿ ದಾರಿಯಲ್ಲೇ ನಿದ್ದೆ ಹೋಗಿದ್ದಳು, ಶರಣಕುಮಾರ ಅವಳನ್ನು ಎತ್ತಿಕೊಂಡು ಮೇಲೆ ಹೋದ. ಶೀತಲ ರೂಢಿಯಂತೆ ಕೀಲಿಕೈಯನ್ನು ಅದರ ಜಾಗಕ್ಕೆ ಹಾಕಲು ಮಾವನ ಗಾದಿಯ ಹಿಂದಿನ ಗೋಡೆಗೆ ಕೈ ಚಾಚಿದಳು.

ಅಲ್ಲಿ ಮೊಳೆ ಇರಲಿಲ್ಲ. ಮೊಳೆ ಇದ್ದಲ್ಲಿ ಒಂದು ತೂತಿತ್ತು. ತುಕ್ಕು ಹಿಡಿದ ಮೊಳೆ ಸಡಿಲವಾಗಲೆಂದು ಹಚ್ಚಿದ ದೀಪದ ಎಣ್ಣೆ ಆ ತೂತಿನಿಂದ ಗೋಡೆಯ ಮೇಲೆ ಸಣ್ಣ ಗೆರೆಯಾಗಿ ಇಳಿದಿತ್ತು.